ಸಾತಪ್ಪನವರು ಕಣ್ಣು ತೆರೆದದ್ದು

ಮೋಟರ್ ಬಂದ್ ಮಾಡಿದೆನೋ, ಇಲ್ಲವೋ?

ಗುಂಡಿ ಒತ್ತಿದ್ದು ನೆನಪಿತ್ತು. ಆದರೆ ಅದು ಇವತ್ತು ಒತ್ತಿದ್ದೋ, ನಾಲ್ಕು ದಿನದ ಹಿಂದೆ ಒತ್ತಿದ್ದೋ? ಇಚಲಕರಂಜಿಯ ಆ ಓಣಿಯಲ್ಲಿ ನಳಕ್ಕೆ ನೀರು ಬರುವುದು ನಾಲ್ಕು ದಿನಕ್ಕೊಮ್ಮೆ. ಬಂದಾಗ ಮೋಟರ್ ಹಚ್ಚಬೇಕು, ಮಾಳಿಗೆಯ ಟಾಕಿ ತುಂಬಿದಾಗ ಬಂದ್ ಮಾಡಬೇಕು. ಇಷ್ಟೇ ಕೆಲಸ. ಆದರೆ ಹಚ್ಚುವುದಕ್ಕೂ ಬಂದ್ ಮಾಡುವುದಕ್ಕೂ ಇದ್ದದ್ದು ಒಂದೇ ಗುಂಡಿ, ರಾಮಲಿಂಗನ ಬೆರಳಿಗೆ ಎರಡೂ ಒಂದೇ ಥರ. ಹೆಂಡತಿ ಉಜ್ವಲಾ ತವರಿಗೆ, ಗಡಹಿಂಗ್ಲಜಕ್ಕೆ ಹೋಗಿದ್ದಳು. ಮನೆಗೆ ಬೀಗ. ಬಂದ್ ಮಾಡಿರದಿದ್ದರೆ ಇಷ್ಟೊತ್ತಿಗೆ ನೀರು ಮಾಳಿಗೆಯಿಂದ ಇಳಿದು, ನೆರೆಮನೆಯ ಶಾಲನಕ್ಕ ಒಣಹಾಕಿದ ಹಪ್ಪಳದ ಮೇಲೆ ಹರಿಯುತ್ತಿರಬೇಕು.

ಹೀಗೆ ಯೋಚಿಸುತ್ತಲೇ ಅವನು ಮೊಬೈಲನ್ನು ಮುಖದೆದುರು ಹಿಡಿದು ತನ್ನ ಫೋಟೋ ತೆಗೆದುಕೊಳ್ಳುತ್ತಿದ್ದ. ಮೂವತ್ತೇಳನೆಯದು.

ಕೊರೋಚಿಯ ಮಗ್ಗದ ಕಾರಖಾನೆಯಲ್ಲಿ ಅದು ಊಟದ ಬಿಡುವು. ರಾಮಲಿಂಗ ಅಲ್ಲಿ ಬಟ್ಟೆ ತಪಾಸಣೆ ಮಾಡುವ ಕೆಲಸದವನು. ಕೆಳಗೆ ದೀಪ ಹಚ್ಚಿದ ಗಾಜಿನ ಮೇಜಿನ ಮೇಲೆ ಬಟ್ಟೆ ಸರಿಯುತ್ತದೆ, ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಎಣ್ಣೆ ಹತ್ತಿದೆ ಎಂದು ಅವನು ನೋಡುತ್ತಾನೆ. ಹದಿನಾಲ್ಕು ವರ್ಷ ಹೀಗೆ ನೋಡಿ ನೋಡಿ ಅವನ ಕಣ್ಣಿಗೆ ಒಂದು ಕಾಯಂ ಅನುಮಾನ ಹತ್ತಿಬಿಟ್ಟಿತ್ತು. ತಟ್ಟೆಯ ಚಪಾತಿಯನ್ನೂ ಅವನು ಹಾಗೆಯೇ ನೋಡುತ್ತಿದ್ದ. ಮದುವೆಯಾದ ಹೊಸದರಲ್ಲಿ ಉಜ್ವಲಾ ಇದಕ್ಕಾಗಿ ಎರಡು ಸಲ ಅತ್ತಿದ್ದಳು.

ಮಗ್ಗ ನೋಡಿಕೊಳ್ಳುವ ರಾಜಕುಮಾರ ಬಾಗಿಲಲ್ಲಿ ನಿಂತು ಕೇಳಿದ: "ಏನೋ ರಾಮಲಿಂಗ, ಈ ವಯಸ್ಸಿನ್ಯಾಗ ಯಾರಿಗಿ ಫೋಟೋ ಕಳಸಾಂವ?"

"ಮಾವಗ."

"ಮಾವ ಸತ್ತ ಹತ್ತ ತಿಂಗಳಾತಲ್ಲೋ?"

"ಅದಕ್ಕ," ಎಂದ ರಾಮಲಿಂಗ.

ರಾಜಕುಮಾರ ತನ್ನ ಡಬ್ಬಿ ತೆಗೆದುಕೊಂಡು ಬೇರೆ ಕೋಣೆಗೆ ಊಟಕ್ಕೆ ಹೋದ.

ಈ ಮಾವ, ಗಡಹಿಂಗ್ಲಜದ ಸಾತಪ್ಪನವರು, ಬದುಕಿದ್ದಾಗ ಫೋಟೋ ತೆಗೆಸಿಕೊಂಡವರಲ್ಲ. ಫೋಟೋದವನು ಎದುರಿಗೆ ಬಂದರೆ ಅವನನ್ನು ಒಮ್ಮೆ ನೋಡುತ್ತಿದ್ದರು. ಅವನು ಕ್ಯಾಮೆರಾ ಇಳಿಸಿಬಿಡುತ್ತಿದ್ದ. ಆ ಕಣ್ಣಿನ ಖ್ಯಾತಿ ಸುತ್ತಲ ಹತ್ತು ಹಳ್ಳಿಗೆ ಹಬ್ಬಿತ್ತು. ಅವರು ನೋಡಿದರೆ ಓಡುತ್ತಿದ್ದ ಹೋರಿ ನಿಲ್ಲುತ್ತಿತ್ತು. ಒಮ್ಮೆ ಎಸ್‌ಟಿ ಬಸ್ಸು ನಿಲುಗಡೆ ಇಲ್ಲದ ಕಡೆ ನಿಂತು, ಯಾಕೆ ನಿಂತೆನೆಂದು ಡ್ರೈವರನಿಗೇ ತಿಳಿಯದೆ ಮುಂದೆ ಹೋಗಿತ್ತಂತೆ. ಆಧಾರ ಕಾರ್ಡಿನಲ್ಲಿ ಒಂದು ಫೋಟೋ ಇತ್ತು, ಆದರೆ ಅದು ಸಾತಪ್ಪನವರದೇ ಎಂಬ ಬಗ್ಗೆ ಮನೆಯಲ್ಲಿ ಒಮ್ಮತವಿರಲಿಲ್ಲ. ಉಳಿದದ್ದು ಒಂದೇ, ರಾಮಲಿಂಗ ಉಜ್ವಲಾರ ಮದುವೆಯದು. ಅಕ್ಕಿಕಾಳು ಬೀಳುವ ಗಳಿಗೆಯಲ್ಲಿ ತೆಗೆದದ್ದು. ಅಕ್ಕಿಕಾಳಿಗೆ ಯಾರ ಭಿಡೆಯೂ ಇಲ್ಲ. ಹೋರಿಯನ್ನು ನಿಲ್ಲಿಸಿದ ಕಣ್ಣು ಆ ಫೋಟೋದಲ್ಲಿ ಗಟ್ಟಿಯಾಗಿ ಮುಚ್ಚಿತ್ತು. ಟೋಪಿಯ ಮೇಲೆ ಯಾರದೋ ಕೈ, ಮೂಗಿನ ಮೇಲೆ ಎರಡು ಕಾಳು.

ಹೋದ ತಿಂಗಳು ಮನೆಮಂದಿಯೆಲ್ಲ ಪಡಸಾಲೆಯಲ್ಲಿ ಕೂತಾಗ ಅತ್ತೆ ಗೌರವ್ವ ಈ ಫೋಟೋವನ್ನು ಸೆರಗಿನಿಂದ ಒರೆಸುತ್ತ ಹೇಳಿದಳು: "ವರ್ಷದ ಪುಣ್ಯತಿಥಿ ಬಂತು. ಕಣ್ಣ ಮುಚ್ಚಿದವ್ರಿಗಿ ಹಾರ ಹೆಂಗ ಹಾಕೂದು? ಮಲಗ್ಯಾರ ಅನಸತೈತಿ. ಎಬ್ಬಸಾಕ ನನಗ ಇನ್ನೂ ಹೆದರಿಕಿ. ಕಣ್ಣ ತೆರದದ್ದ ಒಂದ ಫೋಟೋ ಇದ್ದಿದ್ದರ ಸಾಕಾಗಿತ್ತು."

"ಕೊಲ್ಹಾಪುರದಾಗ ಚಿತ್ರಾ ತಗಿಯಾವ್ರು ಅದಾರವ್ವಾ, ಅವ್ರಿಗಿ ಕೊಡೂನು," ಎಂದ ಹಿರಿಯ ಮಗ ಸಿದ್ದರಾಯ.

"ನಾ ತೆರಸತೇನ್ರಿ ಕಣ್ಣ," ಎಂದ ರಾಮಲಿಂಗ.

ಪಡಸಾಲೆ ಸುಮ್ಮನಾಯಿತು. ಆ ಮನೆಯಲ್ಲಿ ಹನ್ನೆರಡು ವರ್ಷದಲ್ಲಿ ಅವನ ಮಾತಿಗೆ ಇಂಥ ಮೌನ ಸಿಕ್ಕಿದ್ದು ಅದೇ ಮೊದಲು. ಸಾಮಾನ್ಯವಾಗಿ ಅವನು ಮಾತಾಡುವಾಗ ಬೇರೆ ಯಾರಾದರೂ ಮಾತಾಡುತ್ತಲೇ ಇರುತ್ತಿದ್ದರು. ಕಬ್ಬಿನ ವಿಷಯ ಬಂದರೆ "ದಾಜಿ ಮಗ್ಗದವ್ರು, ಅವ್ರಿಗೇನ ಗೊತ್ತು" ಎನ್ನುತ್ತಿದ್ದರು, ದಾಜಿ ಎಂದರೆ ಮನೆಯ ಮಗಳ ಗಂಡ; ಮಗ್ಗದ ವಿಷಯ ಆ ಮನೆಯಲ್ಲಿ ಬರುತ್ತಲೇ ಇರಲಿಲ್ಲ. ಈಗ ಆರು ಜೋಡಿ ಕಣ್ಣು ಅವನ ಮೇಲಿದ್ದವು. ರಾಮಲಿಂಗನಿಗೆ ಅದು ಹಿತವೆನಿಸಿತು. ಹಿತವಾದದ್ದರಿಂದ ಅವನು ಇನ್ನಷ್ಟು ಹೇಳಿದ.

"ನಾ ಕಂಪ್ಯೂಟರಿನ್ಯಾಗ ಫೋಟೋ ತಿದ್ದೂ ಹತ್ತ ದಿನದ ಕ್ಲಾಸ್ ಮಾಡೇನಲ್ರಿ. ಸರ್ಟಿಫಿಕೇಟ ಕೊಟ್ಟಾರ. ಲೇಯರ್ ಹಾಕೂದು, ಮಾಸ್ಕ್ ಹಾಕೂದು, ಬ್ರಷ್ ಹೊಡಿಯೂದು. ಕಣ್ಣ ಅಂದ್ರ ಅದೇನ ದೊಡ್ಡದಲ್ರಿ."

ಗೌರವ್ವ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ಅವನಿಗೆ ಕೊಟ್ಟಳು. ಕೂಸನ್ನು ಕೊಡುವ ಹಾಗೆ. "ಅಳ್ಯಾರ, ನಿಮ್ಮ ಮ್ಯಾಲ ಭಾರ," ಎಂದಳು.

ಆ ಮನೆಯಲ್ಲಿ ಅವನ ಮೇಲೆ ಇದುವರೆಗೆ ಯಾರೂ ಯಾವ ಭಾರವನ್ನೂ ಹಾಕಿರಲಿಲ್ಲ. ಮದುವೆಯ ಊಟದಲ್ಲಿ ಉಪ್ಪು ಬಡಿಸುವುದನ್ನು ಕೂಡ.

ಆ ಹತ್ತು ದಿನದ ಕ್ಲಾಸಿನ ಬಗ್ಗೆ ಎರಡು ಮಾತು ಹೇಳಬೇಕು. ಅಲ್ಲಿ ಮಾಸ್ತರರು ಮುಖ್ಯವಾಗಿ ಕಲಿಸಿದ್ದು ಇಷ್ಟು: ಒಂದು ಚಿತ್ರದ ಮೇಲೆ ಇನ್ನೊಂದು ಚಿತ್ರವನ್ನು ಪದರಾಗಿ ಇಡು. ಮೇಲಿನ ಪದರಿಗೆ ಮಾಸ್ಕ್ ಹಾಕು. ಮಾಸ್ಕಿನ ಮೇಲೆ ಕರಿ ಬ್ರಷ್ ಎಳೆದಲ್ಲಿ ಮೇಲಿನದು ಮರೆಯಾಗುತ್ತದೆ, ಬಿಳಿ ಬ್ರಷ್ ಎಳೆದಲ್ಲಿ ತಿರುಗಿ ಬರುತ್ತದೆ. ಇದರಲ್ಲಿ ಯಾವುದನ್ನೂ ಅಳಿಸುವುದಿಲ್ಲ, ಮುಚ್ಚುವುದು ಮಾತ್ರ. ಉಳಿದ ವಿದ್ಯಾರ್ಥಿಗಳು ಇದನ್ನು ಬರೆದುಕೊಂಡರು. ರಾಮಲಿಂಗ ಬರೆದುಕೊಳ್ಳಲಿಲ್ಲ. ಹನ್ನೆರಡು ವರ್ಷ ಸಂಸಾರ ಮಾಡಿದವನಿಗೆ ಅದು ಹೊಸ ವಿಷಯವಾಗಿರಲಿಲ್ಲ.

ಕಷ್ಟ ಇದ್ದದ್ದು ವಿದ್ಯೆಯಲ್ಲಿ ಅಲ್ಲ, ಕಣ್ಣಿನಲ್ಲಿ. ತೆರೆಸಲು ಕಣ್ಣು ಎಲ್ಲಿಂದ ತರುವುದು? ತಂದೆಯ ಕಣ್ಣು ಮಗನಿಗೆ ಬಂದಿರಬೇಕು ಎಂದು ಅವನು ಸಿದ್ದರಾಯನ ಫೋಟೋ ಹುಡುಕಿದ. ನೂರಾರು ಸಿಕ್ಕವು. ಹುಟ್ಟುಹಬ್ಬದ ಫ್ಲೆಕ್ಸಿನಿಂದ ಹಿಡಿದು ಹಾಲಿನ ಡೇರಿಯ ಚುನಾವಣೆಯವರೆಗೆ ಎಲ್ಲದರಲ್ಲೂ ಸಿದ್ದರಾಯ ಕರಿ ಗಾಗಲ್ ಹಾಕಿದ್ದ. ಆಮೇಲೆ ಮೊಬೈಲಿನಲ್ಲಿ ಯಾವನೋ ಮುದುಕ ರೈತನ ಚಿತ್ರ ಸಿಕ್ಕಿತು. ಅವನ ಕಣ್ಣನ್ನು ಕೂರಿಸಿ ನೋಡಿದರೆ ತಿಳಿ ಹಸಿರು. ಸಾತಪ್ಪನವರು ಗಡಹಿಂಗ್ಲಜದವರಾಗಿ ಉಳಿಯಲಿಲ್ಲ, ಹಿಮಾಲಯದ ಆಚೆಗೆ ಹೋಗಿಬಿಟ್ಟರು.

ಕೊನೆಗೆ ಕೊರೋಚಿಯ ಕಿಟಕಿಯ ಬೆಳಕಿನಲ್ಲಿ, ಮೋಟರಿನ ಚಿಂತೆಯಲ್ಲಿ, ಅವನು ತನ್ನದೇ ಕಣ್ಣು ತೆಗೆದುಕೊಂಡ.

ಸಂಜೆ ಮನೆಗೆ ಬಂದಾಗ ಶಾಲನಕ್ಕ ಜಗಲಿಯ ಮೇಲೆ ಕೂತಿದ್ದಳು. ಹಪ್ಪಳ ಗರಿಗರಿಯಾಗಿ ಒಣಗಿದ್ದವು. ರಾಮಲಿಂಗನಿಗೆ ಜೀವ ಬಂತು.

"ಅಕ್ಕಾ, ನಾ ಮೋಟರ್ ಬಂದ್ ಮಾಡಿದ್ನಿ, ಹೌದಲ್ಲಾ?"

"ಬಂದ್ ಮಾಡಾಕ ನೀ ಹಚ್ಚಿದ್ದೆಲ್ಲಿ ತಮ್ಮಾ?" ಎಂದಳು ಶಾಲನಕ್ಕ. "ನೀರ ಬಂತು, ಓಣಿಗೆಲ್ಲ ತುಂಬತು, ಹೋತು. ನಿನ್ನ ಟಾಕಿ ಖಡಕ್ ಒಣಗೈತಿ. ಇನ್ನ ನಾಕ ದಿನ ನಮ್ಮನಿ ಕೊಡದ ಮ್ಯಾಲ ಕಣ್ಣ ಹಾಕಬ್ಯಾಡ."

ಅವನು ಬೇರೆ ಕಡೆ ಕಣ್ಣು ಹಾಕಲು ಒಳಗೆ ಹೋದ. ಹಳೆಯ ಲ್ಯಾಪ್‌ಟಾಪಿನಲ್ಲಿ ಮಾವನ ಮುಖದ ಮೇಲೆ ತನ್ನ ಮುಖವನ್ನು ಪದರಾಗಿ ಇಟ್ಟ, ಅಳತೆ ಹೊಂದಿಸಿದ, ಮಾಸ್ಕ್ ಹಾಕಿ ಪೂರ್ತಿ ಕರಿ ಬಳಿದ. ತಾನು ಮಾಯವಾದ. ಆಮೇಲೆ ಮೆತ್ತನೆಯ ಅಂಚಿನ ಬಿಳಿ ಬ್ರಷ್ ಹಿಡಿದು, ರೆಪ್ಪೆ ಇದ್ದಲ್ಲಿ ನಿಧಾನವಾಗಿ ಒರೆಸಿದ. ಎಡಗಣ್ಣು ಬಂತು. ಬಲಗಣ್ಣು ಬಂತು. ಸುತ್ತ ಒಂದಿಷ್ಟು ನೆರಿಗೆ, ಅಂಚು ಬೆರೆಯಲೆಂದು ಅರ್ಧ ಕಪ್ಪು. ಟೋಪಿಯ ಮೇಲಿನ ಕೈ ಹೋಗಲೆಂದು ಬೇರೊಂದು ಟೋಪಿಯನ್ನು ಕತ್ತರಿಸಿ ಎಲ್ಲಕ್ಕಿಂತ ಮೇಲಿನ ಪದರಾಗಿ ಇಟ್ಟ. ಅದರ ಕೆಳಗೆ, ಹಣೆಗೆ, ಬೇರೊಂದು ಪದರಿನಲ್ಲಿ ವಿಭೂತಿ ಎಳೆದ.

ನಾಲ್ಕು ದಿನ ಹಿಡಿಯಿತು. ನೀರಿಲ್ಲದ್ದರಿಂದ ಮನೆಯಲ್ಲಿ ಬೇರೆ ಕೆಲಸವೂ ಇರಲಿಲ್ಲ. ಐದನೆಯ ದಿನ ಸಾತಪ್ಪನವರು ಪರದೆಯ ಮೇಲಿಂದ ಅವನನ್ನು ನೋಡುತ್ತಿದ್ದರು. ಕಣ್ಣು ತೆರೆದಿತ್ತು. ಚೆನ್ನಾಗಿ ತೆರೆದಿತ್ತು. ಆದರೆ ಹೋರಿ ನಿಲ್ಲಿಸುವ ಕಣ್ಣಲ್ಲ. ಏನೋ ಕೇಳಬೇಕೆಂದು ಬಂದು, ಬಾಗಿಲಲ್ಲಿ ನಿಂತ ಮನುಷ್ಯನ ಕಣ್ಣು.

ಇದನ್ನು ಯಾರಾದರೂ ಕಂಡುಹಿಡಿದರೆ ಏನಾಗಬಹುದೆಂದು ರಾಮಲಿಂಗ ಯೋಚಿಸಿದ. ಸತ್ತ ಮಾವನ ಮುಖದಲ್ಲಿ ಜೀವಂತ ಅಳಿಯ ಕಣ್ಣು ಬಿಡುವುದಕ್ಕೆ ಯಾವ ಅಯ್ಯನವರು ಒಪ್ಪುತ್ತಾರೆ? ಉಪ್ಪು ಬಡಿಸುವುದಿರಲಿ, ಊಟಕ್ಕೆ ಕೂಡಿಸುವುದೂ ನಿಂತುಹೋಗಬಹುದು. ಆದರೆ ಫ್ರೇಮ್ ಆಗಿಬಿಟ್ಟಿತ್ತು.

ಗಡಹಿಂಗ್ಲಜದ ಪಡಸಾಲೆಯಲ್ಲಿ ಫೋಟೋಕ್ಕೆ ಮೊಳೆ ಹೊಡೆದವನು ಸಿದ್ದರಾಯ. ಹೊಡೆದು ಹಿಂದೆ ಸರಿದ. ಗಾಗಲ್ ತೆಗೆದ. ಮತ್ತೆ ನೋಡಿದ.

"ದಾಜಿ," ಎಂದ, "ಅಪ್ಪಾ ಏನೋ ಕೇಳಾಕತ್ತಾನಲ್ರೀ?"

"ಬೆಳಕಿಗಿ ಹಂಗ ಅನಸತೈತ್ರಿ," ಎಂದ ರಾಮಲಿಂಗ, ನೆಲ ನೋಡುತ್ತ.

"ಬೆಳಕಲ್ರಿ. ನನ್ನ ಕೇಳಾಕತ್ತಾನ." ಸಿದ್ದರಾಯ ಎಡಕ್ಕೆ ಸರಿದ. ಫೋಟೋ ಎಡಕ್ಕೆ ನೋಡಿತು. ಬಲಕ್ಕೆ ಸರಿದ. ಬಲಕ್ಕೆ ನೋಡಿತು. ಆರಡಿ ಎತ್ತರದ, ಡೇರಿಯ ಚೇರಮನ್ ಆಗಬೇಕಿದ್ದ ಮನುಷ್ಯ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. "ಆತಪಾ, ಹೇಳತೇನಿ. ನೀ ಹಾಸಿಗಿ ಹಿಡದಾಗ ತಂಬಾಕ ಕೇಳಿದಿ. ನಾ ಅಂಗಡಿ ಮುಚ್ಚೈತಿ ಅಂದ್ನಿ. ಅಂಗಡಿ ತಗದಿತ್ತಪಾ. ಟೀವ್ಹಿ ಒಳಗ ಮ್ಯಾಚ್ ಇತ್ತು."

ಹೊರಗೆ ಬೇಲಿಯ ಬಳಿ ನಿಂತಿದ್ದ ಪಕ್ಕದ ಹೊಲದ ಕಾಡಸಿದ್ದನಿಗೆ ಇದು ಕೇಳಿಸಿತು. ಅವನು ಫೋಟೋ ನೋಡಲೆಂದು ಒಳಗೆ ಬಂದ. ಬಾರದಿದ್ದರೆ ಅವನಿಗೇ ಒಳ್ಳೆಯದಿತ್ತು.

"ಸಾತಪ್ಪಣ್ಣಾ," ಎಂದ ಕಾಡಸಿದ್ದ, ಒಂದು ನಿಮಿಷದೊಳಗೆ. "ಮಹಾಪೂರ ಬಂದ ವರ್ಷ ಬಾಂದಗಲ್ಲ ತಾನ ಸರೀಲಿಲ್ಲ. ನಾ ಸರಸಿದ್ನಿ. ಎರಡ ಮಾರ. ಹಿಂಗ ನೋಡಬ್ಯಾಡ. ಹೊಡದಂಗ ನೋಡತಿದ್ದಿ, ತಡಕೋತಿದ್ನಿ. ಹಿಂಗ ಕೇಳಿದರ ನಾ ಏನ ಹೇಳಲಿ?"

ಅವನು ಮನೆಗೆ ಹೋಗಿ ಹಾರೆ ತಂದು, ಬಿಸಿಲು ಇಳಿಯುವುದರೊಳಗೆ ಹೊಲದ ಗಡಿಕಲ್ಲನ್ನು ಮೊದಲಿನ ಜಾಗಕ್ಕೆ ನೆಟ್ಟ. ಉತ್ಸಾಹದಲ್ಲಿ ಅರ್ಧ ಮಾರು ಜಾಸ್ತಿಯೇ ಸರಿಸಿದ.

ಕಲ್ಲು ತಾನಾಗಿ ಸರಿಯಾದ ಜಾಗಕ್ಕೆ ಹೋದ ಸುದ್ದಿ ಕೇಳಿ, ಊರಿನ ಹೊಲದ ದಾಖಲೆ ನೋಡಿಕೊಳ್ಳುವ ತಲಾಠಿ ಸಾಹೇಬರು ಮರುದಿನ ಮೋಟಾರ್ ಸೈಕಲ್ ಹತ್ತಿ ಬಂದರು. ಅವರ ನೌಕರಿಯಲ್ಲಿ ಕಲ್ಲು ಹೀಗೆ ಹಿಂದಕ್ಕೆ ಹೋದದ್ದು ಇರಲಿಲ್ಲ. ಇಂಥದಕ್ಕೆ ಯಾವ ನಮೂನೆಯ ಅರ್ಜಿ ಎಂದು ಅವರಿಗೆ ತಿಳಿಯದು. ಪಡಸಾಲೆಯಲ್ಲಿ ಚಹಾ ಕೊಟ್ಟರು. ಬಟ್ಟಲು ತುಟಿಯ ತನಕ ಹೋಯಿತು, ಅಲ್ಲೇ ನಿಂತಿತು. ಸಾತಪ್ಪನವರ ಹೊಲಕ್ಕೆ ವಾರಸುದಾರರ ಹೆಸರು ಏರಿಸುವ ಅರ್ಜಿ ಒಂಬತ್ತು ತಿಂಗಳಿಂದ ಅವರ ಕಪಾಟಿನಲ್ಲಿತ್ತು.

"ಉದ್ಯಾ ಯಾ," ಎನ್ನುವುದು ಅವರ ರೂಢಿ. ನಾಳೆ ಬನ್ನಿ. ಒಂಬತ್ತು ತಿಂಗಳು ಅದನ್ನೇ ಅಂದಿದ್ದರು. ಈಗ ಗೋಡೆಯ ಕಡೆ ನೋಡಿ, "ಉದ್ಯಾ..." ಎಂದು ಶುರುಮಾಡಿ, ಕೆಮ್ಮಿ, "ಉದ್ಯಾ ಕಶಾಲಾ? ಆಜಚ ಕರೂನ ಟಾಕೂ," ಎಂದರು. ನಾಳೆ ಯಾಕೆ, ಇವತ್ತೇ ಮುಗಿಸಿಬಿಡೋಣ. ಅವತ್ತೇ ಮುಗಿಯಿತು. ಆಫೀಸಿನಲ್ಲಿ ಇದನ್ನು ನೋಡಿದ ಜವಾನ ಸಾಹೇಬರಿಗೆ ಜ್ವರವಿರಬೇಕೆಂದು ಅವರ ಮನೆಗೆ ಫೋನ್ ಮಾಡಿದನಂತೆ.

ಸುದ್ದಿ ಹಬ್ಬಿತು. ಹಲಕರ್ಣಿಯಿಂದ ಒಬ್ಬಳು ಗಂಡನ ರಟ್ಟೆ ಹಿಡಿದು ಕರೆತಂದಳು. "ಇಲ್ಲೇ ನಿಂತ ಹೇಳ್ರಿ, ಸೋಮವಾರ ಎಲ್ಲಿಗಿ ಹೋಗಿದ್ರಿ?" ಗಂಡ ಎರಡು ನಿಮಿಷ ತಡೆದುಕೊಂಡ. ಮೂರನೆಯ ನಿಮಿಷಕ್ಕೆ ಸೋಮವಾರದ್ದಷ್ಟೇ ಅಲ್ಲ, ಬುಧವಾರದ್ದನ್ನೂ ಹೇಳಿದ. ಬುಧವಾರದ ಬಗ್ಗೆ ಅವಳಿಗೆ ಸಂಶಯವೇ ಇರಲಿಲ್ಲ.

ಬದುಕಿದ್ದಾಗ ಸಾತಪ್ಪನವರ ಮುಂದೆ ಯಾರೂ ಯಾವ ಸತ್ಯವನ್ನೂ ಹೇಳಿರಲಿಲ್ಲ. ಅವರು ಕೇಳುತ್ತಿರಲಿಲ್ಲ, ಹೇಳುತ್ತಿದ್ದರು. ಊರಿಗೆ ಅದು ಆಗ ತೊಂದರೆಯಾಗಿರಲಿಲ್ಲ.

ಶನಿವಾರ ಸಂಜೆ ಊರಿಗೆ ಬರುತ್ತಿದ್ದ ರಾಮಲಿಂಗನಿಗೆ ಮಾತ್ರ ಇದು ದೊಡ್ಡ ಪೀಕಲಾಟವಾಯಿತು. ಫೋಟೋದ ಕೆಳಗೆ ಅವನಿಗೊಂದು ಗೌರವದ ಕುರ್ಚಿ ಹಾಕಿಸಿದ್ದರು. ಮೇಲೆ ಎರಡು ಕಣ್ಣು, ಕೆಳಗೆ ಅದೇ ಎರಡು ಕಣ್ಣು. ಬಂದವರು ಮೇಲೆ ನೋಡಿ ಕೈಮುಗಿದು, ಕೆಳಗೆ ನೋಡಿ ಹುಬ್ಬು ಗಂಟಿಕ್ಕುತ್ತಿದ್ದರು. ಅವನು ಗಾಗಲ್ ಹಾಕಲು ಶುರುಮಾಡಿದ.

"ಮನ್ಯಾಗ ಯಾಕ್ರೀ ಗಾಗಲ್?" ಎಂದಳು ಉಜ್ವಲಾ.

"ಕಣ್ಣ ಬಂದಾವ."

"ತಗೀರಿ, ನೋಡತೇನಿ." ತೆಗೆಸಿ ನೋಡಿದಳು. ನೋಡಿದವಳು ಯಾಕೋ ಎರಡು ಹೆಜ್ಜೆ ಹಿಂದೆ ಸರಿದು, ತಲೆಯ ಮೇಲೆ ಸೆರಗು ಹೊದ್ದುಕೊಂಡಳು. ಅಂದಿನಿಂದ ಅವನಿಗೆ ಮೊದಲ ಬಟ್ಟಲು ಚಹಾ ಬರತೊಡಗಿತು. ಚಹಾ ಕೊಡುವಾಗ ಅವಳು ಒಮ್ಮೆ "ತಗೋ ಅಪ್ಪಾ" ಎಂದು, ನಾಲಿಗೆ ಕಚ್ಚಿಕೊಂಡು, ಅಡಿಗೆಮನೆಗೆ ಓಡಿದಳು.

ಫೋಟೋದ ಮುಂದೆ ಏನೂ ಒಪ್ಪಿಕೊಳ್ಳದವಳು ಗೌರವ್ವ ಒಬ್ಬಳೇ. ಅವಳು ಮಧ್ಯಾಹ್ನ ಊಟ ಮುಗಿಸಿ, ಕೈತೊಳೆದು, ಅದರ ಎದುರಿಗೆ ಬಂದು ಕೂಡುತ್ತಿದ್ದಳು. "ಆತು, ಉಂಡೇನಿ," ಎನ್ನುತ್ತಿದ್ದಳು. ಒಂದು ದಿನ, "ಇವತ್ತ ರೊಟ್ಟಿ ಸೇರಲಿಲ್ಲ, ಅರ್ಧಾ ಉಂಡ್ನಿ," ಎಂದಳು. ಇನ್ನೊಂದು ದಿನ ಮೊಳಕಾಲು ನೋವಿನ ಸುದ್ದಿ ಹೇಳಿದಳು. ಬೇರೆ ಏನಿಲ್ಲ. ರಾಮಲಿಂಗ ಅದನ್ನು ಬಾಗಿಲ ಮರೆಯಿಂದ ಕೇಳಿದ. ಕೇಳಿ, ತನ್ನ ಕಣ್ಣನ್ನು ಉಜ್ಜಿಕೊಂಡ. ಉಜ್ಜಿಕೊಂಡದ್ದಕ್ಕೆ ಅವು ನಿಜವಾಗಿಯೂ ಕೆಂಪಾದವು.

ಆವತ್ತಿನಿಂದ ಅವನ ಹೆದರಿಕೆಯ ಜಾತಿ ಬದಲಾಯಿತು. ಮೊದಲು ತನ್ನ ಮಾನ ಹೋಗುತ್ತದೆಂಬ ಹೆದರಿಕೆ ಇತ್ತು. ಈಗ ಸತ್ಯ ಹೊರಬಿದ್ದರೆ ಮುದುಕಿ ಯಾರ ಮುಂದೆ ಕೂತು ಉಂಡೆನೆನ್ನಬೇಕು ಎಂಬುದು ಅವನ ಚಿಂತೆ.

ಪುಣ್ಯತಿಥಿಗೆ ನಾಲ್ಕು ದಿನ ಇರುವಾಗ ಸಿದ್ದರಾಯ ಫೋನ್ ಮಾಡಿದ. "ದಾಜಿ, ಬಸ್ ಸ್ಟ್ಯಾಂಡ್ ಮುಂದ ಹತ್ತ ಫೂಟಿನ ಫ್ಲೆಕ್ಸ್ ಹಾಕೂನು. ಅಪ್ಪಾ ಇಡೀ ಗಡಹಿಂಗ್ಲಜ ನೋಡಲಿ. ಫ್ಲೆಕ್ಸಿನಾಂವ ಮೂಲ ಫೈಲ್ ಬೇಕಂತಾನ, ಮೊಬೈಲನ್ಯಾಗಿಂದು ನಡಿಯೂದಿಲ್ಲಂತ."

ರಾಮಲಿಂಗನ ಬಳಿ ಎರಡು ಫೈಲ್ ಇದ್ದವು. ಒಂದು, ಎಲ್ಲ ಪದರನ್ನೂ ಸೇರಿಸಿ ಒಂದೇ ಮಾಡಿದ್ದು, ಒಳಗೆ ಏನಿದೆಯೆಂದು ದೇವರಿಗೂ ಕಾಣದು. ಇನ್ನೊಂದು, ಪದರು ಪದರಾಗಿಯೇ ಇದ್ದದ್ದು. ಇವೆರಡರಲ್ಲಿ ಮೊದಲನೆಯದನ್ನು ಪೆನ್‌ಡ್ರೈವಿಗೆ ಹಾಕಬೇಕೆಂದು ಅವನು ನಿಶ್ಚಯಿಸಿದ. ಹಾಕುವ ಹೊತ್ತಿಗೆ ನಳಕ್ಕೆ ನೀರು ಬಂತು. ಅವನು ಎದ್ದು ಹೋಗಿ ಮೋಟರ್ ಹಚ್ಚಿ, ಹಚ್ಚಿದೆನೆಂದು ಮೂರು ಸಲ ಗಟ್ಟಿಯಾಗಿ ಹೇಳಿಕೊಂಡು, ಶಾಲನಕ್ಕನನ್ನೂ ಸಾಕ್ಷಿಗೆ ಕರೆದು, ಬಂದು ಫೈಲ್ ಹಾಕಿದ. ಮೋಟರಿನ ಕೆಲಸ ಅವತ್ತು ಒಂದು ತಪ್ಪೂ ಇಲ್ಲದೆ ಆಯಿತು.

ಫ್ಲೆಕ್ಸ್ ಅಂಗಡಿ ಬಸ್ ಸ್ಟ್ಯಾಂಡಿನ ಎದುರಿಗೆ. ಅದರ ಮಾಲಕ ಪ್ರತೀಕ ಒಂದೇ ಕುರ್ಚಿಯಲ್ಲಿ ಕೂತು ದಿನಕ್ಕೆ ಇಪ್ಪತ್ತು ಹುಟ್ಟುಹಬ್ಬ, ಎರಡು ಸಾವು ಮುಗಿಸುವವನು. ಅವನ ಬೆನ್ನ ಹಿಂದೆ ಸಿದ್ದರಾಯ, ಕಾಡಸಿದ್ದ, ಗಾಗಲ್ ಹಾಕಿದ ರಾಮಲಿಂಗ ನಿಂತರು. ಗೌರವ್ವನೂ ಬಂದಿದ್ದಳು. "ಹಚ್ಚೂ ಮೊದಲ ನಾ ಒಮ್ಮೆ ನೋಡಬೇಕು," ಎಂದು ಹಟ ಹಿಡಿದಿದ್ದಳು. ಅವಳಿಗೆ ಸ್ಟೂಲ್ ಹಾಕಿದರು.

ಫೈಲ್ ತೆರೆಯಿತು. ಪರದೆಯ ತುಂಬ ಸಾತಪ್ಪನವರು. ಬಲಬದಿಗೆ ಚಿಕ್ಕ ಚಿಕ್ಕ ಚೌಕಗಳ ಸಾಲು, ಒಂದರ ಕೆಳಗೊಂದು. ರಾಮಲಿಂಗ ತಂದದ್ದು ಪದರು ಪದರಾಗಿದ್ದ ಫೈಲ್.

"ಪ್ರತೀಕ," ಎಂದ, "ಹಂಗ ಪ್ರಿಂಟ್ ತಗದ ಬಿಡ್ರಿ. ಏನೂ ಮುಟ್ಟಬ್ಯಾಡ್ರಿ."

"ಥಾಂಬಾ ದಾದಾ, ತಡೀರಿ," ಎಂದ ಪ್ರತೀಕ. "ಕೆಲಸ ಭಾಳ ನಾಜೂಕ ಐತಿ. ಯಾರ ಮಾಡಿದ್ರು? ಕಣ್ಣಿಗಿ ಮಾಸ್ಕ್ ಹಾಕ್ಯಾರ ನೋಡ್ರಿ. ಹೆಂಗ ಹಾಕ್ಯಾರ ನೋಡೂಣು." ವಿದ್ಯೆ ಇದ್ದವನು ವಿದ್ಯೆ ಕಂಡಲ್ಲಿ ಸುಮ್ಮನಿರಲಾರ. ಅವನು ಒಂದು ಬೆರಳಿನಿಂದ ಶಿಫ್ಟ್ ಒತ್ತಿ, ಮಾಸ್ಕಿನ ಕಪ್ಪು ಚೌಕವನ್ನು ಒಮ್ಮೆ ಕ್ಲಿಕ್ ಮಾಡಿದ.

ಮಾಸ್ಕ್ ಸರಿಯಿತು. ಮುಚ್ಚಿದ್ದೆಲ್ಲ ಬಂತು. ಸಾತಪ್ಪನವರ ಟೋಪಿ, ಸಾತಪ್ಪನವರ ವಿಭೂತಿ. ಕೆಳಗೆ ಬಾಯಿ ಸ್ವಲ್ಪ ತೆರೆದುಕೊಂಡು, ಕೊರೋಚಿಯ ಕಿಟಕಿಯ ಸಮೇತ, ರಾಮಲಿಂಗ.

ಸಿದ್ದರಾಯ ಪರದೆ ನೋಡಿದ. ಆಮೇಲೆ ತಿರುಗಿ, ಕೈ ಚಾಚಿ, ರಾಮಲಿಂಗನ ಗಾಗಲನ್ನು ಮೆಲ್ಲಗೆ ತೆಗೆದ. ಮತ್ತೆ ಪರದೆ ನೋಡಿದ.

"ದಾಜಿ," ಎಂದ. "ಹಂಗಾದರ ತಂಬಾಕದ ಮಾತ ನಾ ಹೇಳಿದ್ದ ನಿಮ್ಮ ಮುಂದ?"

ರಾಮಲಿಂಗ ಬಾಯಿ ತೆರೆದ. ಪರದೆಯ ಮೇಲೂ ಅದು ಅಷ್ಟೇ ತೆರೆದಿತ್ತು.

"ಅಂದ್ರ ಸಾತಪ್ಪಣ್ಣ ಕೇಳಲೇ ಇಲ್ಲ?" ಎಂದ ಕಾಡಸಿದ್ದ. ಅವನ ಮುಖದಲ್ಲಿ ಲೆಕ್ಕ ನಡೆದಿತ್ತು. "ಹಂಗಿದ್ದರ ಆ ಬಾಂದಗಲ್ಲ... ಹಾರಿ ಮನ್ಯಾಗ ಐತಿ."

"ತಲಾಠಿಗಿ ಗೊತ್ತಾದರ?" ಎಂದ ಸಿದ್ದರಾಯ. "ಹೆಸರ ಏರಿಸಿದ್ದ ಇಳಸತಾನ! ಊರಾಗ ಮಾರಿ ಹೆಂಗ ತೋರಸೂದ್ರೀ? ಇಡೀ ಗಡಹಿಂಗ್ಲಜ ಮಗ್ಗದ ದಾಜಿ ಮುಂದ ಬಾಯಿ ಬಿಟ್ಟೈತಿ! ಅವ್ವಾ, ನೋಡಿದ್ಯಾ? ನಿನ್ನ ಅಳಿಯಾ ಏನ ಮಾಡ್ಯಾನ ನೋಡಿದ್ಯಾ?"

"ಮುಚ್ಚಪಾ ಅದನ್ನ," ಎಂದಳು ಗೌರವ್ವ, ಪ್ರತೀಕನಿಗೆ. "ಮದಲ ಹೆಂಗಿತ್ತ ಹಂಗ ಮಾಡು."

ಪ್ರತೀಕ ಗಾಬರಿಯಲ್ಲಿ ಮತ್ತೆ ಕ್ಲಿಕ್ ಮಾಡಿದ. ಸಾತಪ್ಪನವರು ಬಂದರು. ಕೇಳುವ ಕಣ್ಣಿನಿಂದ ಎಲ್ಲರನ್ನೂ ನೋಡಿದರು. ಸಿದ್ದರಾಯ, ಎಲ್ಲ ಗೊತ್ತಿದ್ದೂ, ರೂಢಿಯಿಂದ ತಲೆ ತಗ್ಗಿಸಿದ.

"ನನಗ ಮದಲನೇ ದಿನಾನ ಗೊತ್ತಿತ್ತು," ಎಂದಳು ಗೌರವ್ವ. "ನಲವತ್ತಾರ ವರ್ಷ ಆ ಕಣ್ಣಿನ ಕೆಳಗ ರೊಟ್ಟಿ ಬಡದೇನಿ. ಅವು ಒಮ್ಮಿ ಅರ ನನ್ನ ಏನರ ಕೇಳ್ಯಾವ? ಹೇಳತಿದ್ದವು. ನೀರ ತಾ. ಬಾಗಲಾ ಹಾಕು. ಒಳಗ ನಡಿ. ಇವು ಅವರ ಕಣ್ಣಲ್ಲ ಅಂತ ನನಗ ತಿಳಿಯೂದಿಲ್ಲೇನು?"

"ಮತ್ತ ಯಾಕ ಸುಮ್ಮನಿದ್ದೆವ್ವಾ?"

"ಯಾರ ಕಣ್ಣರ ಇರಲಿ. ಉಂಡಿ ಏನ ಅಂತ ಕೇಳಾವ್ರು ಬೇಕಾಗಿತ್ತು." ಅವಳು ಸ್ಟೂಲಿನಿಂದ ಎದ್ದಳು. ಮೊಳಕಾಲು ಹಿಡಿದುಕೊಂಡು ಕಾಡಸಿದ್ದನ ಕಡೆ ತಿರುಗಿದಳು. "ಕಲ್ಲ ಎಲ್ಲಿ ಐತಿ ಅಲ್ಲೇ ಇರಲಿ. ಸರಸಿದ್ದ ಖರೇನೋ ಸುಳ್ಳೋ?"

"ಖರೇರಿ ವೈನಿ."

"ಅರ್ಧಾ ಮಾರ ಜಾಸ್ತಿ ಸರಸೀದಿ, ಅದನ್ನಷ್ಟ ತಿರಗಿ ತಗೋ. ಸಿದ್ದು, ನೀ ಮನಿಗಿ ಹೋಗಿ ಸುಮ್ಮ ಫೋಟೋದ ಮುಂದ ಒಂದ ಪುಡಿ ತಂಬಾಕ ಇಡು. ಯಾರರ ಊರಾಗ ಇದರ ಬಗ್ಗೆ ಬಾಯಿ ಬಿಟ್ಟರ, ಅವ್ರ ಒಪ್ಪಿಕೊಂಡ ತಪ್ಪ ನಾ ಬಸ್ ಸ್ಟ್ಯಾಂಡ್ ಮುಂದ ನಿಂತ ಹೇಳತೇನಿ. ಎಲ್ಲಾ ನಾ ಕೇಳೇನಿ."

ಎಲ್ಲವನ್ನೂ ಅವಳು ಕೇಳಿದ್ದಳು. ಪಡಸಾಲೆಯ ಪಕ್ಕದಲ್ಲೇ ಅವಳ ಅಡಿಗೆಮನೆ. ಪ್ರತೀಕನಿಗೆ ಈ ಮನೆತನದ ಪರಿಚಯವೇ ಇರಲಿಲ್ಲ. ಆದರೂ ಅವನು, "ಆಯೀ, ನಿಮ್ಮ ಫ್ಲೆಕ್ಸ್ ನಾಳೆ ಅಂತ ಹೇಳಿದ್ನಲ್ರಿ? ಅದು ಸುಳ್ಳ. ಇವತ್ತ ಆಗತೈತಿ," ಎಂದ.

ಫ್ಲೆಕ್ಸ್ ಅವತ್ತು ಸಂಜೆಯೇ ಏರಿತು. ಹತ್ತು ಅಡಿ ಎತ್ತರ, ಒಂದೊಂದು ಕಣ್ಣು ಒಂದು ಮೊಳ. ಕೆಳಗೆ ಶ್ರದ್ಧಾಂಜಲಿ ಅರ್ಪಿಸುವವರ ಹೆಸರಿನ ಸಾಲಿನಲ್ಲಿ, ಹನ್ನೆರಡು ವರ್ಷದಲ್ಲಿ ಮೊದಲ ಸಲ, ಅಳಿಯನ ಹೆಸರೂ ಇತ್ತು. ಅದನ್ನು ಹಾಕಿಸಿದವನು ಸಿದ್ದರಾಯನೇ. ಫ್ಲೆಕ್ಸ್ ಏರಿದ ಮೊದಲ ಮೂರು ದಿನ ಸಂಕೇಶ್ವರದ ಬಸ್ಸು ಹೊತ್ತಿಗೆ ಸರಿಯಾಗಿ ಹೊರಟಿತು. ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಫ್ಲೆಕ್ಸಿನ ಕಡೆ ಬೆನ್ನುಮಾಡಿ ಕುರ್ಚಿ ಹಾಕಿಕೊಂಡ ಮೇಲೆ ಮತ್ತೆ ಮೊದಲಿನಂತಾಯಿತು.

ಅವತ್ತು ಮನೆಗೆ ನಡೆದುಹೋಗುವಾಗ ಗೌರವ್ವ ಅಳಿಯನ ಜೊತೆ ಹಿಂದೆ ಉಳಿದಳು. ಮೊಳಕಾಲಿನ ನೆಪ. ಅವನ ಗಾಗಲ್ ಸಿದ್ದರಾಯನ ಕಿಸೆಯಲ್ಲಿತ್ತು.

"ಅಳ್ಯಾರ," ಎಂದಳು ಅವಳು. "ನಿಮ್ಮ ಆ ಫೋಟೋ ತಗಿಯೂವಾಗ ನೀವು ಏನ ವಿಚಾರ ಮಾಡಾಕತ್ತಿದ್ರಿ?"

ರಾಮಲಿಂಗ ನಿಂತ. "ಅದು... ಅತ್ತ್ಯಾರ..."

"ಇರಲಿ, ಹೇಳಬ್ಯಾಡ್ರಿ," ಎಂದಳು ಗೌರವ್ವ, ಅವನ ತೋಳು ಹಿಡಿದುಕೊಂಡು. "ಗೊತ್ತಾಗತೈತಿ. ಹಂಗ ಸುಮ್ಮಸುಮ್ಮನ ಯಾರ ಕಣ್ಣಾಗೂ ಬರೂದಿಲ್ಲ ಅದು."

ಅದು ಮೋಟರ್ ಎಂದು ರಾಮಲಿಂಗ ಅವಳಿಗೆ ಎಂದೂ ಹೇಳಲಿಲ್ಲ.